ಕುಸಿದದ್ದು ಎಷ್ಟು ಗಂಟೆಗೆ? ಹೃದಯ ನಿಂತವರ ನಿಮಿಷ ಹುಡುಕುವ ಕೆಲಸ

ಎಮರ್ಜೆನ್ಸಿ ವಿಭಾಗದಲ್ಲಿ ಡಾಕ್ಟರ್, ಜೊತೆಗೆ ಸಂಶೋಧನೆಯೂ ಇದೆ ಅಂದರೆ ಜನ ನಾನು ಹೊಸ ಔಷಧಿಯನ್ನೋ ಯಂತ್ರವನ್ನೋ ಕಂಡುಹಿಡಿಯುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ನನ್ನ ಮೇಜಿನ ಮೇಲಿರುವುದು ಒಂದು ಫಾರಂ. ಬೆಂಗಳೂರಿನಲ್ಲಿ ಹೃದಯ ನಿಂತು ನಮ್ಮ ಬಾಗಿಲಿಗೆ ಬಂದ ಪ್ರತಿಯೊಬ್ಬರಿಗೂ ಅದನ್ನು ತುಂಬುತ್ತೇವೆ. ವಯಸ್ಸೆಷ್ಟು, ಎಲ್ಲಿ ಬಿದ್ದರು, ಯಾರಾದರೂ ನೋಡಿದರಾ, ಎದೆ ಒತ್ತಿದರಾ, ಯಾವ ಗಾಡಿಯಲ್ಲಿ ಬಂದರು. ಇದೆಲ್ಲ ಸುಲಭ. ಕಷ್ಟದ ಕಾಲಂ ಒಂದೇ: ಕುಸಿದದ್ದು ಎಷ್ಟು ಗಂಟೆಗೆ? ಈ ಕಾಲಂ ತುಂಬುವುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಹಾರ್ಟ್ ಅಟ್ಯಾಕ್ ಬೇರೆ, ಕಾರ್ಡಿಯಾಕ್ ಅರೆಸ್ಟ್ ಬೇರೆ. ಅಟ್ಯಾಕ್‌ನಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುತ್ತದೆ. ರೋಗಿ ಎದೆ ಹಿಡಿದುಕೊಂಡು, ಬೆವರುತ್ತಾ, ಮಾತಾಡುತ್ತಾ ಬರುತ್ತಾರೆ. ಅರೆಸ್ಟ್‌ನಲ್ಲಿ ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸಿರುತ್ತದೆ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಅಟ್ಯಾಕ್ ಆದವರಲ್ಲಿ ಕೆಲವರಿಗೆ ಅರೆಸ್ಟ್ ಆಗುತ್ತದೆ. ಆದರೆ ಕರೆಂಟ್ ಹೊಡೆದವರಿಗೆ, ನೀರಿನಲ್ಲಿ ಮುಳುಗಿದವರಿಗೆ, ಡಯಾಲಿಸಿಸ್ ತಪ್ಪಿಸಿ ಪೊಟ್ಯಾಶಿಯಂ ಏರಿಸಿಕೊಂಡವರಿಗೆ, ಹುಟ್ಟಿನಿಂದಲೇ ಹೃದಯದ ಲಯದಲ್ಲಿ ದೋಷ ಇರುವ ಹುಡುಗರಿಗೂ ಆಗಬಹುದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಇಡೀ ಊರು ಇಸಿಜಿ ಮಾಡಿಸಲು ಓಡಿತು. ಆಗ ನಾವು ದಿನವಿಡೀ ಈ ಎರಡರ ವ್ಯತ್ಯಾಸ ವಿವರಿಸುತ್ತಲೇ ಇದ್ದೆವು. ಇವತ್ತು ತೆಗೆದ ಇಸಿಜಿ ಚೆನ್ನಾಗಿದ್ದರೆ ಅದು ಇವತ್ತಿನ ಸುದ್ದಿ ಮಾತ್ರ.

ನಿಮಿಷಕ್ಕೆ ಯಾಕಿಷ್ಟು ಬೆಲೆ? ಅರೆಸ್ಟ್ ಆದ ಹಲವರಲ್ಲಿ ಹೃದಯ ಮೊದಲು ಪೂರ್ತಿ ಸುಮ್ಮನಾಗುವುದಿಲ್ಲ, ಗೊತ್ತುಗುರಿ ಇಲ್ಲದೆ ಅದುರುತ್ತಿರುತ್ತದೆ. ಆ ಸ್ಥಿತಿಯಲ್ಲಿ ಯಂತ್ರದಿಂದ ಎದೆಗೆ ಕರೆಂಟ್ ಶಾಕ್ ಕೊಟ್ಟರೆ ಸರಿಹೋಗುವ ಸಾಧ್ಯತೆ ಇದೆ. ಯಾರೂ ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಯಾರಾದರೂ ಎದೆ ಒತ್ತುತ್ತಿದ್ದರೆ ಆ ಕುಸಿತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ 3ನೇ ನಿಮಿಷದಲ್ಲಿ ಬಂದ ರೋಗಿಯನ್ನೂ 25ನೇ ನಿಮಿಷದಲ್ಲಿ ಬಂದ ರೋಗಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಹಾಗಿಲ್ಲ. ನಾನು ಕೊಟ್ಟ ಚಿಕಿತ್ಸೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬೇಕಾದರೆ, ರೋಗಿ ನನ್ನ ಕೈಗೆ ಬರುವ ಮೊದಲು ಎಷ್ಟು ನಿಮಿಷ ಹೋಗಿತ್ತು ಅಂತ ಮೊದಲು ಗೊತ್ತಿರಬೇಕು, ಅಲ್ವಾ?

ನಮ್ಮ ಫಾರಂ ನಾವೇ ಮಾಡಿಕೊಂಡದ್ದಲ್ಲ. ನಾರ್ವೆಯ ಸ್ಟಾವಂಗರ್ ಊರಿನ ಹತ್ತಿರ ಉಟ್‌ಸ್ಟೈನ್ ಎಂಬ ಹಳೆಯ ಕ್ರೈಸ್ತ ಮಠವಿದೆ. 1990ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಅಲ್ಲಿ ಸೇರಿದರು. ಅರೆಸ್ಟ್ ಅಂದರೆ ಏನು, ಬದುಕಿದರು ಅಂದರೆ ಏನು, ಯಾವ ಸಮಯವನ್ನು ಎಲ್ಲಿಂದ ಎಣಿಸಬೇಕು ಎಂದು ಒಂದು ಒಪ್ಪಂದಕ್ಕೆ ಬಂದರು. 1991ರಲ್ಲಿ ಅದು ಅಚ್ಚಾಯಿತು. ಅಲ್ಲಿಂದ ಎಲ್ಲರೂ ಅದನ್ನು ಉಟ್‌ಸ್ಟೈನ್ ಮಾದರಿ ಅನ್ನುತ್ತಾರೆ. ತಮಾಷೆ ಏನೆಂದರೆ, ಪ್ರಪಂಚದ ಎಲ್ಲ ತರಬೇತಿಗಳಲ್ಲಿ ಕಾಣುವ, ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಬದುಕಿಸಲು ನೋಡುವುದು) ಕಲಿಸುವ ಬೊಂಬೆ ಹುಟ್ಟಿದ್ದೂ ಅದೇ ಸ್ಟಾವಂಗರ್‌ನಲ್ಲಿ, 1960ರಲ್ಲಿ, ಆಟಿಕೆ ಮಾಡುವ ಲಾರ್ಡಾಲ್ ಎಂಬವರ ಕಾರ್ಖಾನೆಯಲ್ಲಿ.

ಫಾರಂ ನಾರ್ವೆಯದ್ದಾದರೂ ತುಂಬಬೇಕಾದದ್ದು ವಿಜಯನಗರದ ಓಣಿಯಲ್ಲಿ, ಪೀಣ್ಯದ ಶೆಡ್ಡಿನಲ್ಲಿ, ಹೊರವರ್ತುಲ ರಸ್ತೆಯ ಹದಿನಾಲ್ಕನೇ ಮಹಡಿಯಲ್ಲಿ. ಅಮೆರಿಕ, ಜಪಾನ್, ಸಿಂಗಾಪುರಗಳಲ್ಲಿ ಆಂಬುಲೆನ್ಸ್ ಕೇಂದ್ರದ ಕಂಪ್ಯೂಟರ್‌ನಿಂದ ಸಮಯಗಳು ತಾನಾಗಿ ಬಂದುಬಿಡುತ್ತವೆ. ನಮ್ಮಲ್ಲಿ ಬರುವವರಲ್ಲಿ ಜಾಸ್ತಿ ಜನ ಆಂಬುಲೆನ್ಸ್‌ನಲ್ಲಿ ಬರುವುದೇ ಇಲ್ಲ. ಆಟೋ, ಪಕ್ಕದ ಮನೆಯವರ ಕಾರು, ಕಂಪನಿ ಕ್ಯಾಬ್, ಕೆಲವೊಮ್ಮೆ ಟೆಂಪೋ. ಕರ್ನಾಟಕದಲ್ಲಿ 108 ಸೇವೆ ಆರೋಗ್ಯ ಕವಚ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಿಂದ ಇದೆ. ನಂಬರ್ ಎಲ್ಲರಿಗೂ ಗೊತ್ತು. ಆದರೂ ಆ ಹೊತ್ತಿನಲ್ಲಿ ಕೈಗೆ ಸಿಕ್ಕ ಗಾಡಿಯೇ ಬೇಗ ಅನ್ನಿಸುತ್ತದೆ. ಹಾಗೆ ಅನ್ನಿಸುವುದು ತಪ್ಪು ಅಂತ ನಾನು ಹೇಳಲಾರೆ. ಆದರೆ ಆಟೋ ಓಡುವಷ್ಟು ಹೊತ್ತೂ ಎದೆ ಒತ್ತುವವರು ಯಾರೂ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಮಗನ ತೊಡೆ ಮೇಲೆ ಅಪ್ಪನ ತಲೆ ಇರುತ್ತದೆ, ಅಷ್ಟೇ.

"ಎಷ್ಟು ಹೊತ್ತಾಯಿತು?" ಎಂದು ಬಾಗಿಲಲ್ಲಿ ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ: "ಈಗ್ತಾನೆ ಡಾಕ್ಟ್ರೇ, ಐದು ನಿಮಿಷ." ಸುಳ್ಳು ಹೇಳುತ್ತಿಲ್ಲ ಅವರು. ಆ ಗಾಬರಿಯಲ್ಲಿ ಯಾರಿಗೂ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಕಾಡುಗೊಂಡನಹಳ್ಳಿಯಿಂದ ಹೊರಟು ಹೆಬ್ಬಾಳದ ಟ್ರಾಫಿಕ್ ದಾಟಿ ಬಂದವರೂ ಐದು ನಿಮಿಷ ಅನ್ನುತ್ತಾರೆ. ಹಾಗಾಗಿ ನಾವು ಜನರನ್ನು ಕೇಳುವುದಕ್ಕಿಂತ ಅವರ ಫೋನ್ ನೋಡುವುದು ಒಳ್ಳೆಯದು ಎಂಬ ತೀರ್ಮಾನಕ್ಕೆ ಬಂದೆವು. ಒಪ್ಪಿಗೆ ಕೇಳಿಯೇ ನೋಡುತ್ತೇವೆ. ಎಥಿಕ್ಸ್ ಸಮಿತಿಯಲ್ಲಿ ಈ ವಿಷಯಕ್ಕೆ ದೊಡ್ಡ ಚರ್ಚೆಯೇ ಆಯಿತು. ಕಾಲ್ ಲಾಗ್ ಬಿಟ್ಟು ಬೇರೇನನ್ನೂ ನೋಡಬಾರದು, ಫೋಟೋ ತೆಗೆಯಬಾರದು, ನಂಬರ್ ಬರೆದುಕೊಳ್ಳಬಾರದು, ಸಮಯ ಮಾತ್ರ ಬರೆಯಬೇಕು. ಈ ಷರತ್ತುಗಳು ಸರಿಯಾಗಿಯೇ ಇವೆ.

ಕಾಲ್ ಲಾಗ್ ತೋರಿಸುವ ಕಥೆ ಬಾಯಲ್ಲಿ ಹೇಳಿದ ಕಥೆಗಿಂತ ಬೇರೆ. ಹೆಂಡತಿ ಮೊದಲು ಫೋನ್ ಮಾಡಿದ್ದು ತಮ್ಮನಿಗೆ. ಆಮೇಲೆ ಕೆಳಗಿನ ಮನೆಯವರಿಗೆ. ಆಮೇಲೆ ಬಡಾವಣೆಯ ಕ್ಲಿನಿಕ್ ಡಾಕ್ಟರಿಗೆ, ಅವರು ಎತ್ತಲಿಲ್ಲ. ಮತ್ತೆ ತಮ್ಮನಿಗೆ. ಕೊನೆಗೆ 108. ಮೊದಲ ಕರೆಗೂ 108ರ ಕರೆಗೂ ನಡುವೆ ಇರುವ ಅಂತರವೇ ನಮ್ಮ ಸಂಶೋಧನೆಯ ಮುಖ್ಯ ವಸ್ತು ಆಗಿಬಿಟ್ಟಿತು. ಯಾಕೆಂದರೆ ಆ ಅಂತರದಲ್ಲಿ ಮನೆಯಲ್ಲಿ ಕೈಗಳಿದ್ದವು. ರೋಗಿ ಮುಂದೆಯೇ ಇದ್ದರು. ಏನು ಮಾಡಬೇಕು ಅಂತ ಹೇಳುವವರು ಮಾತ್ರ ಇರಲಿಲ್ಲ. ಫೋನ್ ಎತ್ತಿದ ತಮ್ಮನೂ "ಬಂದೆ, ಬಂದೆ" ಅನ್ನುತ್ತಾನೆಯೇ ಹೊರತು ಇನ್ನೇನು ಹೇಳಬಲ್ಲ?

ಬೆಂಗಳೂರಿನಲ್ಲಿ ಸಮಯ ಹುಡುಕಲು ಇನ್ನೂ ಕೆಲವು ದಾರಿಗಳಿವೆ. 'ನಮ್ಮ ಯಾತ್ರಿ' ಆ್ಯಪ್‌ನಲ್ಲೋ ಓಲಾದಲ್ಲೋ ಆಟೋ ಬುಕ್ ಮಾಡಿದ್ದರೆ ಹತ್ತಿದ್ದು, ಇಳಿದದ್ದು ಎರಡೂ ನಿಮಿಷದ ಲೆಕ್ಕದಲ್ಲಿ ಸಿಗುತ್ತದೆ. ಆಟೋದವರಿಗೆ ಯುಪಿಐನಲ್ಲಿ ಕೊಟ್ಟಿದ್ದರೆ ಅದರ ಮೆಸೇಜ್ ಇರುತ್ತದೆ. ಅಂದಹಾಗೆ, ಇಂಥ ಹೊತ್ತಿನಲ್ಲಿ ದುಡ್ಡು ಬೇಡ ಅಂದು ಹೊರಟುಹೋಗುವ ಆಟೋದವರು ಬಹಳ ಮಂದಿ. ನಮ್ಮ ಲೆಕ್ಕಕ್ಕೆ ಅದೊಂದು ನಷ್ಟ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಗೇಟ್ ಆ್ಯಪ್ ಇರುತ್ತದೆ, ಆಂಬುಲೆನ್ಸ್ ಒಳಬಂದದ್ದು ಅದರಲ್ಲಿ ದಾಖಲಾಗುತ್ತದೆ. ಹೊರಗಿನ ಅಂಗಡಿಯಲ್ಲಿ ಬಿದ್ದಿದ್ದರೆ ಸಿಸಿಟಿವಿ. ಆದರೆ ಅಂಗಡಿ ಕ್ಯಾಮೆರಾಗಳ ಗಡಿಯಾರವನ್ನು ನಂಬುವ ಹಾಗಿಲ್ಲ. ಕೆಲವು ಇನ್ನೂ 1970ರಲ್ಲೇ ಇರುತ್ತವೆ. ಆಗ ರೆಕಾರ್ಡರ್ ಪಕ್ಕದಲ್ಲಿ ನನ್ನ ಫೋನ್ ಇಟ್ಟು ಎರಡರ ವ್ಯತ್ಯಾಸ ಬರೆದುಕೊಂಡು ಕಳೆಯುತ್ತೇನೆ.

ಹೊರಗಿನವರ ಗಡಿಯಾರದ ಬಗ್ಗೆ ಇಷ್ಟು ಮಾತಾಡಿ ನಮ್ಮದನ್ನು ಬಿಡುವುದು ಸರಿಯಲ್ಲ. ಒಂದು ಎಮರ್ಜೆನ್ಸಿ ಕೋಣೆಯಲ್ಲಿ ಎಷ್ಟು ಸಮಯಗಳಿರುತ್ತವೆ ನೋಡಿ: ನೋಂದಣಿ ಕೌಂಟರಿನ ಕಂಪ್ಯೂಟರ್, ಗೋಡೆ ಗಡಿಯಾರ, ಮಾನಿಟರ್, ಶಾಕ್ ಕೊಡುವ ಡಿಫಿಬ್ರಿಲೇಟರ್, ನರ್ಸ್ ಕೈಗಡಿಯಾರ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾಗದದ ಮೇಲೆ ನೋಡಿದರೆ ರೋಗಿ ಬರುವ ಮೊದಲೇ ಶಾಕ್ ಕೊಟ್ಟಿದ್ದೇವೆ ಅನ್ನುವಂಥ ದಾಖಲೆಗಳೂ ಸಿಗುತ್ತವೆ. ಇದು ಬೆಂಗಳೂರಿನ ರೋಗವಲ್ಲ, ಎಲ್ಲ ದೇಶಗಳ ಆಸ್ಪತ್ರೆಗಳಲ್ಲೂ ಇದೆ. ನಾವು ಕಂಡುಕೊಂಡ ಉಪಾಯ ಸರಳ. ಬೆಳಗಿನ ಪಾಳಿಯ ನರ್ಸ್ ಪ್ರತಿದಿನ ಮೊಬೈಲ್ ಸಮಯದ ಎದುರು ಪ್ರತಿ ಯಂತ್ರದ ಸಮಯ ಬರೆಯುತ್ತಾರೆ. ಯಂತ್ರ ತಿದ್ದಲು ಹೋಗುವುದಿಲ್ಲ. ಅದಕ್ಕೆ ಎಂಜಿನಿಯರ್ ಬರಬೇಕು, ಪಾಸ್‌ವರ್ಡ್ ಬೇಕು, ಅದೊಂದು ದೊಡ್ಡ ರಾಮಾಯಣ. ವ್ಯತ್ಯಾಸ ಗೊತ್ತಿದ್ದರೆ ಸಾಕು, ಲೆಕ್ಕದಲ್ಲಿ ಕಳೆಯಬಹುದು. ಸಂಶೋಧನಾ ಅನುದಾನದಲ್ಲಿ ಇದಕ್ಕೆ ಖರ್ಚಾದದ್ದು ಒಂದು ನೂರು ಪುಟದ ನೋಟ್‌ಬುಕ್ಕು.

ಲೆಕ್ಕಕ್ಕೇ ಬಾರದವರದ್ದು ಇನ್ನೊಂದು ಕಥೆ. ನಮ್ಮ ಆಸ್ಪತ್ರೆಗಳಲ್ಲಿ "ಬ್ರಾಟ್ ಡೆಡ್" ಅಂತ ಒಂದು ರಿಜಿಸ್ಟರ್ ಇರುತ್ತದೆ. ತರುವಾಗಲೇ ಜೀವ ಹೋಗಿತ್ತು ಎಂದು ಬರೆದ ಕೂಡಲೇ ಆ ಮನುಷ್ಯ ಕಾರ್ಡಿಯಾಕ್ ಅರೆಸ್ಟ್ ಲೆಕ್ಕದಿಂದ ಆಚೆ ಹೋಗುತ್ತಾರೆ. ಒಂದು ಆಸ್ಪತ್ರೆ ಎಲ್ಲರಿಗೂ ಪ್ರಯತ್ನ ಮಾಡಿ ಸೋಲುತ್ತದೆ. ಇನ್ನೊಂದು ಹೆಚ್ಚಿನವರನ್ನು ಈ ರಿಜಿಸ್ಟರಿಗೆ ಹಾಕುತ್ತದೆ. ಎರಡನೆಯದರ ಫಲಿತಾಂಶ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ! ಆದ್ದರಿಂದ ಆ ರಿಜಿಸ್ಟರಿನಲ್ಲಿ ಇರುವವರಿಗೂ ಫಾರಂ ತುಂಬಬೇಕು ಎಂದು ನಾನು ಹಟ ಹಿಡಿದೆ. ಮರಣ ಪ್ರಮಾಣಪತ್ರದ ಗತಿಯೂ ಅಷ್ಟೇ. ಸಾವಿನ ಕಾರಣ "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್" ಅಂತ ಎಷ್ಟೋ ಕಡೆ ಬರೆಯುತ್ತಾರೆ. ಅದು ಕಾರಣವೇ ಅಲ್ಲ. ಯಾರೇ ಸತ್ತರೂ ಕೊನೆಗೆ ಹೃದಯ, ಉಸಿರು ನಿಂತೇ ನಿಲ್ಲುತ್ತವೆ. ಯಾಕೆ ನಿಂತವು ಅನ್ನುವುದನ್ನು ಬರೆಯಬೇಕು.

2025ರ ಜೂನ್, ಜುಲೈನಲ್ಲಿ ಹಾಸನದ ಸುದ್ದಿ ನೆನಪಿರಬಹುದು. ಚಿಕ್ಕ ವಯಸ್ಸಿನವರು ಸಾಲಾಗಿ ಸಾಯುತ್ತಿದ್ದಾರೆ ಎಂದು ಟಿವಿಯಲ್ಲಿ ಬಂತು, ಜಯದೇವ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದರು. ನನಗೂ ದಿನಾ ಫೋನ್: "ಜಾಸ್ತಿ ಆಗ್ತಿದೆಯಾ?" ಜಾಸ್ತಿ ಅನ್ನಬೇಕಾದರೆ ಹಿಂದಿನ ವರ್ಷ ಎಷ್ಟಿತ್ತು ಎಂದು ಎಣಿಸಿರಬೇಕಲ್ಲ? ಸರ್ಕಾರ ತಜ್ಞರ ಸಮಿತಿ ಮಾಡಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂಬ ನಿರ್ಧಾರವೂ ಆಗ ಬಂತು. ಆ ಗದ್ದಲದಲ್ಲಿ ನನಗೆ ಒಳ್ಳೆಯದು ಅನ್ನಿಸಿದ್ದು ಅದೊಂದೇ. ಎಣಿಸಲು ಶುರುಮಾಡಿದರೆ ಮುಂದಿನ ಸಲ ಯಾರಾದರೂ ಕೇಳಿದಾಗ ಉತ್ತರ ಇರುತ್ತದೆ.

ಮನೆಯವರ ಜೊತೆ ಮಾತಾಡುವ ಭಾಗವನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ರೋಗಿ ಉಳಿಯಲಿಲ್ಲ ಅಂದಾಗ ಅದೇ ರಾತ್ರಿ ಪ್ರಶ್ನೆ ಕೇಳುವುದಿಲ್ಲ. ಹೆಸರು, ಫೋನ್ ನಂಬರ್, ಮುಂದೆ ಫೋನ್ ಮಾಡಬಹುದಾ ಎಂಬ ಒಂದು ಒಪ್ಪಿಗೆ, ಅಷ್ಟೇ. ವೈಕುಂಠ ಸಮಾರಾಧನೆ ಮುಗಿಯುವವರೆಗೆ ಫೋನ್ ಮಾಡಬಾರದು ಎಂದು ನಮ್ಮ ತಂಡದ ಸಮಾಜ ಕಾರ್ಯಕರ್ತೆ ಮೊದಲೇ ಹೇಳಿಬಿಟ್ಟರು. ಮುಸ್ಲಿಂ ಮನೆಗಳಲ್ಲಿ ನಲವತ್ತನೇ ದಿನ ಕಳೆಯಲಿ ಎಂದು ಕಾಯುತ್ತೇವೆ. ತಡವಾದಷ್ಟೂ ನೆನಪು ಮಸುಕಾಗುತ್ತದೆ ನಿಜ. ಆದರೆ ಅಷ್ಟು ಹೊತ್ತಿಗೆ ಮನೆಯವರು ತಮ್ಮತಮ್ಮಲ್ಲೇ ಆ ದಿನವನ್ನು ಹಲವು ಸಲ ಹೇಳಿಕೊಂಡಿರುತ್ತಾರೆ. "ಕುಕ್ಕರ್ ಮೂರನೇ ಸೀಟಿ ಆಗಿತ್ತು", "ಏಳೂವರೆ ಧಾರಾವಾಹಿ ಶುರುವಾಗಿತ್ತು", "ಹಾಲಿನವನು ಬಂದು ಹೋದ ಮೇಲೆ" ಅಂತ ಗುರುತು ಕೊಡುತ್ತಾರೆ. ಧಾರಾವಾಹಿ ಒಳ್ಳೆಯ ಗುರುತು. ಹಾಲಿನವರು ಅಷ್ಟು ನಂಬಿಕಸ್ತರಲ್ಲ.

ಪ್ರತಿ ಕರೆಯ ಕೊನೆಯಲ್ಲಿ ಒಂದು ಪ್ರಶ್ನೆ ನಮಗೇ ತಿರುಗಿ ಬರುತ್ತದೆ. "ನಾವು ಎದೆ ಒತ್ತಿದ್ದರೆ ಉಳೀತಿದ್ರಾ?" ಶೇಕಡಾವಾರು ಲೆಕ್ಕ ಆಗ ಬಾಯಿಗೆ ತರಬಾರದು. ಸಾವಿರ ಜನರ ಲೆಕ್ಕ ಒಬ್ಬರಿಗೆ ಏನಾಗುತ್ತಿತ್ತು ಎಂದು ಹೇಳುವುದಿಲ್ಲ. ಅದನ್ನೇ ನಿಧಾನಕ್ಕೆ ಹೇಳುತ್ತೇನೆ. ಕೆಲವರು ಮನೆಯ ಉಳಿದವರಿಗೆ ಕಲಿಸಿಕೊಡಿ ಅನ್ನುತ್ತಾರೆ. ಆಗ ಬೊಂಬೆ ಹಿಡಿದುಕೊಂಡು ಹೋಗುತ್ತೇವೆ.

ಈ ಕರೆಗಳಿಂದಲೇ ನಮಗೆ ಒಂದು ಮುಖ್ಯ ವಿಷಯ ತಿಳಿಯಿತು. ಬಹಳ ಮನೆಗಳಲ್ಲಿ ಅರೆಸ್ಟ್ ಆಗಿದೆ ಎಂದೇ ಯಾರಿಗೂ ಗೊತ್ತಾಗಿರಲಿಲ್ಲ. "ಉಸಿರಾಡ್ತಾ ಇದ್ರು ಡಾಕ್ಟ್ರೇ, ಜೋರಾಗಿ ಗೊರಕೆ ಹೊಡೀತಿದ್ರು." ಅದು ಗೊರಕೆಯಲ್ಲ. ಹೃದಯ ನಿಂತ ಮೇಲೂ ಮಿದುಳಿನ ಬುಡ ಕೆಲ ನಿಮಿಷ ಉಸಿರು ಎಳೆಸುತ್ತದೆ. ಬಾಯಿ ತೆರೆದು, ತಡೆತಡೆದು, ದೂರದೂರ. ಅರೆಸ್ಟ್ ಆದವರಲ್ಲಿ ಹತ್ತರಲ್ಲಿ ಸುಮಾರು ನಾಲ್ವರಿಗೆ ಮೊದಲ ನಿಮಿಷಗಳಲ್ಲಿ ಹೀಗಾಗುತ್ತದೆ. ನೋಡಿದವರು ಜೀವ ಇದೆ ಎಂದು ನೀರು ಕುಡಿಸಲು ನೋಡುತ್ತಾರೆ, ಅಂಗಾಲು ಉಜ್ಜುತ್ತಾರೆ, ಎಬ್ಬಿಸಿ ಕೂರಿಸುತ್ತಾರೆ. ಕೂರಿಸುವುದಂತೂ ಕೆಟ್ಟದ್ದು. ಬಾಯಿಗೆ ನೀರು ಹಾಕುವುದು ಅದಕ್ಕಿಂತ ಕೆಟ್ಟದ್ದು.

ಅಮೆರಿಕದ ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ 1980ರ ದಶಕದಿಂದಲೇ ತುರ್ತು ಕೇಂದ್ರದಲ್ಲಿ ಫೋನ್ ಎತ್ತಿದವರು ಕರೆ ಮಾಡಿದವರಿಗೆ ಎದೆ ಒತ್ತಲು ಹೇಳಿಕೊಡುತ್ತಾರೆ. ಎರಡೇ ಪ್ರಶ್ನೆ: ಎಚ್ಚರ ಇದೆಯಾ? ಉಸಿರು ಮಾಮೂಲಿಯಾಗಿ ಇದೆಯಾ? ಎರಡಕ್ಕೂ ಇಲ್ಲ ಅಂದರೆ ಶುರು. ಇದನ್ನೇ ಕನ್ನಡದಲ್ಲಿ ಮಾಡಿದರೆ ಹೇಗೆ ಎಂದು ನಾವು ಪ್ರಯೋಗಕ್ಕೆ ಇಳಿದೆವು. ಒಂದು ಕೋಣೆಯಲ್ಲಿ ಸೆನ್ಸರ್ ಇರುವ ಬೊಂಬೆ, ಜೊತೆಗೆ ಎಂದೂ ಸಿಪಿಆರ್ ಕಲಿಯದ ಒಬ್ಬರು. ಇನ್ನೊಂದು ಕೋಣೆಯಿಂದ ನಾನೋ ನಮ್ಮ ನರ್ಸೋ ಫೋನಿನಲ್ಲಿ ಮಾತಾಡುವುದು. ಆಟೋ ಸ್ಟ್ಯಾಂಡಿನವರು, ಪಿಜಿ ಅಡುಗೆಯವರು, ಸೆಕ್ಯುರಿಟಿಯವರು, ಲಾಲ್‌ಬಾಗಿನಲ್ಲಿ ವಾಕಿಂಗ್ ಬರುವ ನಿವೃತ್ತರು, ಹೀಗೆ ಬಗೆಬಗೆಯ ಜನ ಬಂದರು. ಕಾಫಿ, ಮದ್ದೂರು ವಡೆ ಕೊಟ್ಟೆವು. ಬರುವವರಿಗೆ ಕೊರತೆಯಾಗಲಿಲ್ಲ.

ಅಲ್ಲಿ ಕಲಿತದ್ದು ಬಹಳ. ಉಸಿರು ಇದೆಯಾ ಎಂದು ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. "ಹೊಟ್ಟೆ ಮೇಲೆ ಕೈ ಇಡಿ. ಕೈ ಏರಿದಾಗೆಲ್ಲ 'ಹ್ಞಾಂ' ಅನ್ನಿ" ಎಂದು ಕೇಳಿದಾಗ ನಮಗೇ ಅಂತರ ಕೇಳಿಸುತ್ತದೆ. ಎರಡು ಹ್ಞಾಂ ನಡುವೆ ಸುದೀರ್ಘ ಮೌನ ಇದ್ದರೆ ಅದು ಉಸಿರಲ್ಲ. ಫೋನ್ ಸ್ಪೀಕರಿಗೆ ಹಾಕಿಸುವುದು ಮೊದಲ ಕೆಲಸ. ಇಲ್ಲದಿದ್ದರೆ ಒಂದು ಕೈಯಲ್ಲಿ ಫೋನ್, ಒಂದು ಕೈಯಲ್ಲಿ ಎದೆ. ಮಂಚದ ಮೇಲೆ ಒತ್ತಿದರೆ ಹಾಸಿಗೆ ತಗ್ಗುತ್ತದೆ, ಎದೆ ತಗ್ಗುವುದಿಲ್ಲ. ನೆಲಕ್ಕೆ ಇಳಿಸಬೇಕು. "ನೆಲದ ಮೇಲೆ ಮಲಗಿಸಿ" ಎಂದ ಕೂಡಲೇ ಹಲವರು ಹಿಂಜರಿದರು, ಏಕೆಂದರೆ ನಮ್ಮಲ್ಲಿ ಜೀವ ಹೋದವರನ್ನು ನೆಲಕ್ಕೆ ಇಳಿಸುವ ಪದ್ಧತಿ ಇದೆ. "ಬದುಕಿಸೋಕೆ ಗಟ್ಟಿ ಜಾಗ ಬೇಕು, ಕೆಳಗೆ ಇಳಿಸಿ" ಎಂದು ಕಾರಣ ಮೊದಲು ಹೇಳಿದರೆ ಕೈಗಳು ಬೇಗ ಏಳುತ್ತವೆ. ಮಾವನ ಎದೆ ಮುಟ್ಟಲು ಸೊಸೆಗೆ ಸಂಕೋಚ. ಗೊತ್ತಿಲ್ಲದ ಹೆಂಗಸಿನ ಎದೆ ಮುಟ್ಟಲು ಗಂಡಸರಿಗೆ ಭಯ. ಅಲ್ಲಿ ಫೋನಿನ ದನಿ ಗಟ್ಟಿಯಾಗಿರಬೇಕು. "ನಾನು ಡಾಕ್ಟರ್ ಹೇಳ್ತಿದ್ದೀನಿ, ಎರಡೂ ಮೊಲೆಗಳ ಮಧ್ಯೆ, ಎದೆಮೂಳೆ ಮೇಲೆ ಅಂಗೈ ಇಡಿ" ಎಂದು ಸ್ಪಷ್ಟವಾಗಿ ಹೇಳಿದರೆ ಮಾಡುತ್ತಾರೆ. ಮೆತ್ತಗೆ, ಸುತ್ತಿ ಬಳಸಿ ಹೇಳಿದರೆ ಕೈ ಹೊಟ್ಟೆ ಮೇಲೆ ಹೋಗುತ್ತದೆ.

ಎಣಿಕೆಯದ್ದು ಇನ್ನೊಂದು. ನಿಮಿಷಕ್ಕೆ 100ರಿಂದ 120 ಸಲ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಮೂವತ್ತರವರೆಗೆ ಎಣಿಸಿ ಅಂದರೆ ಹತ್ತರವರೆಗೆ ಓಟ ಚೆನ್ನಾಗಿರುತ್ತದೆ, ಇಪ್ಪತ್ತೇಳು ಇಪ್ಪತ್ತೆಂಟಕ್ಕೆ ಬರುವಾಗ ನಾಲಿಗೆ ಎಡವುತ್ತದೆ, ಕೈಯೂ ನಿಧಾನವಾಗುತ್ತದೆ. ಅದಕ್ಕೆ ಒಂದು, ಎರಡು, ಮೂರು, ನಾಕು. ಮತ್ತೆ ಒಂದು, ಎರಡು, ಮೂರು, ನಾಕು. ಫೋನಿನ ಈ ಕಡೆಯಿಂದ ನಾವೂ ಜೊತೆಗೆ ಎಣಿಸುತ್ತೇವೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಯದವರಿಗೆ ಫೋನಿನಲ್ಲಿ ಹೇಳುವುದಿಲ್ಲ. ದೊಡ್ಡವರಲ್ಲಿ, ಕಲಿಯದವರ ಕೈಯಲ್ಲಿ, ಎದೆ ಒತ್ತುವುದೊಂದೇ ಸಾಕು ಎಂದು 2010ರಲ್ಲಿ ಅಮೆರಿಕ, ಸ್ವೀಡನ್‌ಗಳಿಂದ ಬಂದ ಅಧ್ಯಯನಗಳು ತೋರಿಸಿವೆ. ನಮ್ಮ ದೇಶದ ಅನೆಸ್ತೀಸಿಯಾ ತಜ್ಞರು 2017ರಲ್ಲಿ ತಂದ ಮಾರ್ಗಸೂಚಿಯೂ ಸಾಮಾನ್ಯ ಜನರಿಗೆ ಇದನ್ನೇ ಹೇಳುತ್ತದೆ. ಮಕ್ಕಳ ವಿಷಯ, ಮುಳುಗಿದವರ ವಿಷಯ ಬೇರೆ. ಅಲ್ಲಿ ಉಸಿರು ಬೇಕು.

ಒಂದೆರಡು ನಿಮಿಷಕ್ಕೇ ಒತ್ತುವವರು ಸುಸ್ತಾಗುತ್ತಾರೆ, ತಮಗೇ ತಿಳಿಯದೆ ಆಳ ಕಡಿಮೆಯಾಗುತ್ತದೆ. ಬೊಂಬೆಯ ಸೆನ್ಸರ್ ಇದನ್ನು ಮುಲಾಜಿಲ್ಲದೆ ತೋರಿಸುತ್ತದೆ, ಜಿಮ್‌ಗೆ ಹೋಗುವ ಹುಡುಗರಿಗೂ. ಹಾಗಾಗಿ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು. ಆಸ್ಪತ್ರೆಯೊಳಗೂ ಇದೇ ನಿಯಮ. ನಮ್ಮಲ್ಲಿ ಗಿಡ್ಡ ಇರುವವರಿಗೆ ಒಂದು ಮಣೆ ಇಟ್ಟಿದ್ದೇವೆ, ಮಂಚದ ಪಕ್ಕ ನಿಂತು ಒತ್ತಲು. ಅದು ಬಹಳ ಉಪಯೋಗಕ್ಕೆ ಬಂದಿದೆ.

ಔಷಧಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಹೇಳುವುದು ಕಡಿಮೆ. 2018ರಲ್ಲಿ ಬ್ರಿಟನ್ನಿನಲ್ಲಿ ಅರೆಸ್ಟ್ ಆದ 8,000ಕ್ಕೂ ಹೆಚ್ಚು ಜನರ ಮೇಲೆ, ಹೃದಯ ಮತ್ತೆ ಶುರುಮಾಡಲು ಕೊಡುವ ಅಡ್ರಿನಲಿನ್ ಔಷಧಿಯ ಪರೀಕ್ಷೆ ನಡೆದು ಫಲಿತಾಂಶ ಬಂತು. 30 ದಿನಕ್ಕೆ ಬದುಕಿದ್ದವರು ಅಡ್ರಿನಲಿನ್ ಪಡೆದವರಲ್ಲಿ ಶೇ. 3.2, ಪಡೆಯದವರಲ್ಲಿ ಶೇ. 2.4. ಆದರೆ ಬದುಕಿದವರಲ್ಲಿ ಮಿದುಳಿಗೆ ತೀವ್ರ ಪೆಟ್ಟು ಬಿದ್ದವರು ಅಡ್ರಿನಲಿನ್ ಗುಂಪಿನಲ್ಲೇ ಜಾಸ್ತಿ. ನಾನು ಓದಿದಾಗ ಕಣ್ಣು ನಿಂತದ್ದು ಬೇರೆ ಒಂದು ಅಂಕಿಯ ಮೇಲೆ: ಆಂಬುಲೆನ್ಸಿಗೆ ಕರೆ ಮಾಡಿದ್ದರಿಂದ ಔಷಧಿ ಒಳಗೆ ಹೋಗುವವರೆಗೆ ಸುಮಾರು 21 ನಿಮಿಷ. ಅಷ್ಟು ಹೊತ್ತಿಗೆ ಆಟ ಬಹುತೇಕ ಮುಗಿದಿರುತ್ತದೆ. ಹೃದಯ ಮತ್ತೆ ಶುರುವಾದ ಮೇಲೆ ಮಿದುಳು ಉಳಿಸಲೆಂದು ಮೈ ತಣ್ಣಗೆ ಮಾಡುವ ಚಿಕಿತ್ಸೆಯ ಕಥೆಯೂ ಹೀಗೇ. 2002ರಲ್ಲಿ ದೊಡ್ಡ ಭರವಸೆ ಹುಟ್ಟಿಸಿತು. 2013 ಮತ್ತು 2021ರ ದೊಡ್ಡ ಪರೀಕ್ಷೆಗಳಲ್ಲಿ 33 ಡಿಗ್ರಿಗೆ ಇಳಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಈಗ ನಾವು ಜ್ವರ ಬಾರದಂತೆ ನೋಡಿಕೊಳ್ಳುತ್ತೇವೆ.

ಆಸ್ಪತ್ರೆಯೊಳಗೆ ನನಗೆ ನಿಜಕ್ಕೂ ಇಷ್ಟವಾದ ಯಂತ್ರ ಒಂದೇ, ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್. ಎದೆ ಚೆನ್ನಾಗಿ ಒತ್ತಿದರೆ ಸಂಖ್ಯೆ ಏರುತ್ತದೆ, ಸುಸ್ತಾದರೆ ಇಳಿಯುತ್ತದೆ. ಹೃದಯ ಮತ್ತೆ ಶುರುವಾದರೆ ನಾಡಿ ಸಿಗುವ ಮೊದಲೇ ಸಂಖ್ಯೆ ಜಿಗಿಯುತ್ತದೆ. ಇಪ್ಪತ್ತು ನಿಮಿಷ ಪ್ರಯತ್ನಿಸಿದ ಮೇಲೂ 10ಕ್ಕಿಂತ ಮೇಲೆ ಏರದಿದ್ದರೆ ಉಳಿಯುವುದು ತೀರಾ ಕಷ್ಟ ಎಂದು 1997ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ನಿಲ್ಲಿಸುವ ತೀರ್ಮಾನ ತೆಗೆದುಕೊಳ್ಳುವಾಗ ಇದು ಕೈಹಿಡಿಯುತ್ತದೆ. ಮನೆಯವರಿಗೆ ತೋರಿಸಿ ವಿವರಿಸಲೂಬಹುದು. ಪರದೆ ಮೇಲಿನ ಆ ಗೆರೆ ಅವರಿಗೂ ಅರ್ಥವಾಗುತ್ತದೆ.

ಬದುಕಿ ಉಳಿದವರನ್ನು ಕೂಡ ಮರೆಯಬಾರದು. ಮಿದುಳು ಎಷ್ಟು ಚೇತರಿಸಿಕೊಂಡಿದೆ ಎಂದು ಒಂದರಿಂದ ಐದರವರೆಗೆ ಅಂಕ ಕೊಡುವ ಅಳತೆ ಇದೆ. ಒಂದು, ಎರಡು ಬಂದರೆ ಒಳ್ಳೆಯದು. ಫೋನಿನಲ್ಲಿ ಅದನ್ನು ಕೇಳುವುದು ಹೇಗೆ? "ಒಬ್ಬರೇ ಸ್ನಾನ ಮಾಡ್ತಾರಾ? ಹಾಲು ತರೋಕೆ ಹೋಗಿ ದಾರಿ ತಪ್ಪದೆ ಬರ್ತಾರಾ? ಚಿಲ್ಲರೆ ಲೆಕ್ಕ ಹಾಕ್ತಾರಾ? ಮೊದಲಿಗಿಂತ ಸಿಡುಕು ಜಾಸ್ತಿ ಆಗಿದೆಯಾ?" ಕೊನೆಯ ಪ್ರಶ್ನೆಗೆ ಹೆಂಡತಿಯರು ನಕ್ಕು "ಮೊದಲೂ ಹಾಗೇ ಇದ್ರು" ಅನ್ನುತ್ತಾರೆ. ಅದಕ್ಕೆ ಫಾರಂನಲ್ಲಿ ಜಾಗ ಇಲ್ಲ.

ಎಇಡಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಸ್ವಿಚ್ ಒತ್ತಿದರೆ ತಾನೇ ಮಾತಾಡಿ ಶಾಕ್ ಕೊಡಿಸುವ ಆ ಪೆಟ್ಟಿಗೆಯನ್ನು ಎಲ್ಲ ಮಾಲ್‌ಗಳಲ್ಲಿ ಇಡಬೇಕಲ್ವಾ? ಇಡಲಿ, ಬೇಡ ಅನ್ನುವುದಿಲ್ಲ. 2000ದಲ್ಲಿ ಅಮೆರಿಕದ ಕ್ಯಾಸಿನೊಗಳ ಒಂದು ಅಧ್ಯಯನ ಪ್ರಕಟವಾಯಿತು. ಸೆಕ್ಯುರಿಟಿ ಗಾರ್ಡ್‌ಗಳಿಗೆ ಎಇಡಿ ಕಲಿಸಿದ್ದರು. ಎಲ್ಲರ ಕಣ್ಣೆದುರೇ ಕುಸಿದು, ಮೂರು ನಿಮಿಷದೊಳಗೆ ಶಾಕ್ ಸಿಕ್ಕವರಲ್ಲಿ ಶೇ. 74 ಮಂದಿ ಬದುಕಿ ಮನೆಗೆ ಹೋದರು. ಮೂರು ನಿಮಿಷ ದಾಟಿದವರಲ್ಲಿ ಶೇ. 49. ಕುಸಿದ ಕ್ಷಣ ಅವರಿಗೆ ಅಷ್ಟು ನಿಖರವಾಗಿ ಹೇಗೆ ಗೊತ್ತಾಯಿತು? ಕ್ಯಾಸಿನೊಗಳಲ್ಲಿ ಎಲ್ಲೆಲ್ಲೂ ಕ್ಯಾಮೆರಾ. ನನಗೆ ಹೊಟ್ಟೆಕಿಚ್ಚಾದದ್ದು ಅದಕ್ಕೇ. ಆದರೆ ಅರೆಸ್ಟ್‌ಗಳಲ್ಲಿ ಬಹುಪಾಲು ಆಗುವುದು ಮಾಲ್‌ನಲ್ಲಿ ಅಲ್ಲ, ಮನೆಯಲ್ಲಿ. ಎಲ್ಲ ದೇಶಗಳಲ್ಲೂ ಹಾಗೇ. ಮಾಲ್‌ನ ಗೋಡೆಯ ಪೆಟ್ಟಿಗೆ ಮಹಾಲಕ್ಷ್ಮಿ ಲೇಔಟಿನ ಬಚ್ಚಲುಮನೆಗೆ ಬರುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ನಾನು ಮೊದಲು ಫೋನ್ ಎತ್ತುವವರಿಗೆ ತರಬೇತಿ ಕೊಡಿಸುತ್ತೇನೆ, ಆಮೇಲೆ ಅಪಾರ್ಟ್‌ಮೆಂಟ್ ಗಾರ್ಡ್‌ಗಳಿಗೆ, ಪೆಟ್ಟಿಗೆ ಮೂರನೆಯದು. ಇದಕ್ಕೆ ನನ್ನ ಜೊತೆ ಜಗಳ ಆಡುವ ಸಹೋದ್ಯೋಗಿಗಳಿದ್ದಾರೆ.

ಗಾರ್ಡ್‌ಗಳನ್ನು ಯಾಕೆ ಹೇಳಿದೆ ಅಂದರೆ, ಈಗ ನಾವು ಹಿಡಿದಿರುವ ಕೆಲಸ ಅದು. ಆಂಬುಲೆನ್ಸ್ ಗೇಟಿಗೆ ಬಂದದ್ದೇ ತಲುಪಿದ ಸಮಯ ಎಂದು ಎಲ್ಲರೂ ಬರೆಯುತ್ತಾರೆ. ಗೇಟಿನಿಂದ ರೋಗಿಯ ಪಕ್ಕಕ್ಕೆ ಹೋಗಲು ಎಷ್ಟು ಹೊತ್ತು? ಟೊರಾಂಟೊ ಸುತ್ತಮುತ್ತ ಈ ಲೆಕ್ಕ ತೆಗೆದಿದ್ದಾರೆ, 2016ರಲ್ಲಿ ಪ್ರಕಟವಾಯಿತು. ಮೂರನೇ ಮಹಡಿಗಿಂತ ಕೆಳಗೆ ಕುಸಿದವರಲ್ಲಿ ಶೇ. 4.2 ಮಂದಿ ಬದುಕಿದರೆ, ಮೂರನೇ ಮಹಡಿಯಲ್ಲೂ ಅದಕ್ಕಿಂತ ಮೇಲೂ ಇದ್ದವರಲ್ಲಿ ಶೇ. 2.6. ನಮ್ಮಲ್ಲಿ ಗೇಟಿನಲ್ಲಿ ಹೆಸರು, ಫ್ಲಾಟ್ ನಂಬರ್ ಬರೆಸಬೇಕು, ಯಾವ ಬ್ಲಾಕ್ ಅಂತ ಹುಡುಕಬೇಕು, ಲಿಫ್ಟ್ ಮೇಲಿರುತ್ತದೆ, ಸ್ಟ್ರೆಚರ್ ಉದ್ದಕ್ಕೆ ಹಿಡಿಸುವುದಿಲ್ಲ. ಹಳೆಯ ಬಡಾವಣೆಗಳಲ್ಲಿ ಲಿಫ್ಟೇ ಇಲ್ಲ, ಹೊರಗಿನ ಕಬ್ಬಿಣದ ಮೆಟ್ಟಿಲು.

ಹೀಗಾಗಿ ಫಾರಂಗೆ ಮೂರು ಕಾಲಂ ಸೇರಿಸಿದ್ದೇವೆ: ಗೇಟ್ ದಾಟಿದ ಸಮಯ, ರೋಗಿಯ ಪಕ್ಕ ತಲುಪಿದ ಸಮಯ, ಲಿಫ್ಟಿನಲ್ಲಿ ಸ್ಟ್ರೆಚರ್ ಮಲಗಿಸಿ ಒಯ್ಯಲು ಆಯಿತಾ ಇಲ್ಲವಾ. ನಮ್ಮ ಆಸ್ಪತ್ರೆಯ ಸುತ್ತಲಿನ ಕೆಲವು ಅಪಾರ್ಟ್‌ಮೆಂಟ್ ಸಂಘಗಳು ಒಪ್ಪಿವೆ. ಗಾರ್ಡ್‌ಗಳಿಗೆ ಹೇಳಿಕೊಟ್ಟದ್ದು ಇಷ್ಟು. ಆಂಬುಲೆನ್ಸ್ ಬರುತ್ತಿದೆ ಎಂದು ಗೊತ್ತಾದ ಕೂಡಲೇ ಒಬ್ಬರು ಗೇಟ್ ತೆರೆದು ನಿಲ್ಲಬೇಕು, ಒಬ್ಬರು ಲಿಫ್ಟ್ ಕೆಳಗೆ ತಂದು ಬಾಗಿಲು ಹಿಡಿಯಬೇಕು, ಮೂರನೆಯವರು ಇದ್ದರೆ ಮೇಲೆ ಹೋಗಿ ಎದೆ ಒತ್ತಲು ಕೈ ಕೊಡಬೇಕು. ರಿಜಿಸ್ಟರಿನಲ್ಲಿ ಸಹಿ ಆಮೇಲೆ ಹಾಕಿಸಿದರಾಯಿತು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಕಡೆ ಏನು ಮಾಡುವುದು ಎಂದು ಅವರೇ ಕೇಳಿದ್ದಾರೆ. ಮೊದಲ ಮಹಡಿಯಲ್ಲಿ ಯಾರಿಗೆ ಫೋನ್ ಮಾಡಿ ಎಬ್ಬಿಸಬಹುದು ಎಂಬ ಪಟ್ಟಿಯನ್ನು ಗೇಟಿನ ಮೇಜಿಗೆ ಅಂಟಿಸಲು ಈಗ ಸಂಘದವರ ಜೊತೆ ಮಾತುಕತೆ ನಡೆದಿದೆ.